ಊರಿನ ಟಿ.ಸಿ., ಹೊಲದ ಟಿ.ಸಿ.

ಶಾಲೆಯಲ್ಲಿ ಟಿ.ಸಿ. ಎಂದರೆ ವರ್ಗಾವಣೆ ಪತ್ರ. ಇಂಡಿ, ಸಿಂದಗಿಗಳ ರೈತನಿಗೆ ಅದು ಹೊಲದಂಚಿನ ಕಂಬಗಳ ಮೇಲಿನ ವಿದ್ಯುತ್ ಪರಿವರ್ತಕ. ಮುದ್ದೇಬಿಹಾಳ ತಾಲೂಕಿನಲ್ಲಿ ನಾನು ವಿಜ್ಞಾನ ಬೋಧಿಸುತ್ತಿದ್ದಾಗ ಹುಡುಗನೊಬ್ಬ, "ಟಿ.ಸಿ. ಸುಟ್ಟೈತ್ರಿ ಸರ್, ಅಪ್ಪನ ಕೂಡ ಟ್ರ್ಯಾಕ್ಟರ್‌ನಾಗ ಹೋಗಬೇಕ್ರಿ" ಎಂದು ರಜೆ ಕೇಳಿದ್ದ. ಒಂದು ಕ್ಷಣ ನನಗೆ ನೆನಪಾದದ್ದು ಪತ್ರವೇ!

ಈಗ ನಕ್ಷತ್ರ ಗುರುತಿನ, ವಿದ್ಯುತ್ ಉಳಿಸುವ ಪರಿವರ್ತಕಗಳು ಬಂದಿವೆ. ಅವು ಬೇಕು, ಸಂಶಯವಿಲ್ಲ. ಆದರೆ ಎಲ್ಲ ಕಂಬಕ್ಕೂ ಒಂದೇ ಮದ್ದು ಸಲ್ಲದೆಂಬುದು ನನ್ನ ಅಭಿಪ್ರಾಯ.

ಪರಿವರ್ತಕದಲ್ಲಿ ನಷ್ಟ ಎರಡು ಬಗೆ. ಒಂದು ಕಬ್ಬಿಣದ ತಿರುಳಿನದು. ಊರೆಲ್ಲ ಮಲಗಿ, ಒಂದು ದೀಪವೂ ಉರಿಯದಿದ್ದರೂ ಅದು ನಡೆದೇ ಇರುತ್ತದೆ. 1989ರ ಭಾರತೀಯ ಮಾನಕದಂತೆ 100 ಕೆ.ವಿ.ಎ. ಪರಿವರ್ತಕಕ್ಕೆ ಇದು 260 ವ್ಯಾಟ್. ವರ್ಷಕ್ಕೆ ಲೆಕ್ಕ ಹಾಕಿರಿ: ಸುಮಾರು 2,278 ಯೂನಿಟ್. ಕರಗಿದ ಲೋಹವನ್ನು ಥಟ್ಟನೆ ತಣಿಸಿ, ಅಣುಗಳು ಸಾಲುಗೂಡಲು ಅವಕಾಶವನ್ನೇ ಕೊಡದೆ ತಯಾರಿಸಿದ ಅಮಾರ್ಫಸ್ ಪಟ್ಟಿಯ ತಿರುಳು ಈ ನಷ್ಟವನ್ನು ಶೇ. 70ರಷ್ಟು ತಗ್ಗಿಸಬಲ್ಲದು. ಹಗಲಿರುಳು ವಿದ್ಯುತ್ ಹರಿಯುವ ಊರೊಳಗಿನ ಟಿ.ಸಿ.ಗೆ ಇದೇ ಸರಿ. ಬೆಲೆ ಹೆಚ್ಚೆಂದು ಹಿಂಜರಿಯುವವರು ಕೊಳ್ಳುವ ದಿನದ ಬೆಲೆಯ ಜೊತೆಗೆ ಮುಂದಿನ ಇಪ್ಪತ್ತೈದು ವರ್ಷಗಳ ನಷ್ಟವನ್ನೂ ಕೂಡಿಸಿ ನೋಡಲಿ.

ಹೊಲದ ಕಥೆ ಬೇರೆ. ಪಂಪ್‌ಸೆಟ್ಟಿಗೆ ತ್ರೀಫೇಸ್ ಸಿಗುವುದು ದಿನದ ಕೆಲವೇ ಗಂಟೆ. ಬಂದೊಡನೆ ಎಲ್ಲರೂ ಒಟ್ಟಿಗೇ ಗುಂಡಿ ಒತ್ತುತ್ತಾರೆ. ಇಲ್ಲಿ ಕಾಡುವುದು ಎರಡನೆಯ ನಷ್ಟ, ಸುರುಳಿಯ ತಂತಿಯದು. ಅದೇ ಮಾನಕದಲ್ಲಿ ಪೂರ್ಣ ಹೊರೆಗೆ 1,760 ವ್ಯಾಟ್. ಜೂಲನ ನಿಯಮದಂತೆ ಪ್ರವಾಹ ಒಂದೂವರೆ ಪಟ್ಟಾದರೆ ಶಾಖ ಎರಡೂಕಾಲು ಪಟ್ಟು, ಅಂದರೆ 3,960 ವ್ಯಾಟ್. ಎಣ್ಣೆ ಕಾಯುತ್ತದೆ, ನಿರೋಧಕ ಕಾಗದ ಕರಕಲಾಗುತ್ತದೆ. ಐದು ನಕ್ಷತ್ರವಿದ್ದರೇನು, ಅದೂ ಸುಡುವುದೇ.

ಇಂಡಿಯಲ್ಲಿ ನನ್ನ ತಮ್ಮನ ನಿಂಬೆ ತೋಟ ಒಂದು ಬೇಸಿಗೆಯಲ್ಲಿ ಹೀಗೆಯೇ ಹನ್ನೊಂದು ದಿನ ನೀರು ಕಾಣಲಿಲ್ಲ. ಕಾಯಿ ಉದುರಿದವು, ಕೆಲವು ಗಿಡಗಳೂ ಹೋದವು. ಆ ಟಿ.ಸಿ.ಯ ಮೇಲೆ ಲೆಕ್ಕಕ್ಕೆ ಸಿಕ್ಕ ಪಂಪುಗಳು ಎಂಟು, ನಿಜವಾಗಿ ಓಡುತ್ತಿದ್ದವು ಹದಿಮೂರು. ಅವುಗಳಲ್ಲಿ ಒಂದು ತಮ್ಮನದೇ ಎಂದು ಹೇಳಲು ನನಗೆ ನಾಚಿಕೆಯಾಗುತ್ತದೆ.

ಬಸವನ ಬಾಗೇವಾಡಿ ಸೀಮೆಯ ಕೂಡಗಿಯಲ್ಲಿ 2,400 ಮೆಗಾವ್ಯಾಟಿನ ಸ್ಥಾವರಕ್ಕೆ ದೂರದಿಂದ ಕಲ್ಲಿದ್ದಲು ಬರುತ್ತದೆ. ಹಾಗೆ ಹುಟ್ಟಿದ ವಿದ್ಯುತ್ತು ಪಕ್ಕದ ಹೊಲದ ಎಣ್ಣೆ ಕಾಯಿಸುವುದಕ್ಕೆ ವ್ಯಯವಾಗಬೇಕೆ? ಹೊಸ ಟಿ.ಸಿ. ಕೂಡಿಸುವ ಮುನ್ನ ಮಾರ್ಚ್ ತಿಂಗಳ ಒಂದು ದಿನ, ತ್ರೀಫೇಸ್ ಬಂದ ಹೊತ್ತಿನಲ್ಲಿ, ಹೊಲಕ್ಕೆ ಹೋಗಿ ಪಂಪುಗಳನ್ನು ಎಣಿಸಿರಿ. ದಂಡದ ಭಯವಿಲ್ಲದಿದ್ದರೆ ರೈತನೂ ನಿಜ ಹೇಳುತ್ತಾನೆ. ನನ್ನ ತಮ್ಮನಿಗೆ ನಾನು ಹೇಳಿದ್ದೇನೆ.