ಬೋರ್ಡ್ ಮೇಲೆ ಕಾರಣ ಇರಲಿ, ಹೆಸರಲ್ಲ

ಕೆಲಸಕ್ಕೆ ಸೇರಿದ ಹೊಸದರಲ್ಲಿ ನಮ್ಮನ್ನೆಲ್ಲ ಕಾಡುವ ಪ್ರಶ್ನೆ ಒಂದೇ: 'ಇಲ್ಲಿ ಏನು ನಡೀತಿದೆ?' ಯಾವ ಕೆಲಸ ಎಲ್ಲಿಗೆ ಬಂತು, ಯಾವುದು ನಿಂತಿದೆ ಎಂಬುದೆಲ್ಲ ಹಳಬರ ತಲೆಯಲ್ಲಿರುತ್ತದೆ. ಇಲ್ಲವೇ ಮ್ಯಾನೇಜರ್ ಲ್ಯಾಪ್‌ಟಾಪಿನ ಎಕ್ಸೆಲ್ ಶೀಟಿನಲ್ಲಿರುತ್ತದೆ. ವಾಟ್ಸ್‌ಆ್ಯಪ್ ಗ್ರೂಪ್ ಇದೆಯಲ್ಲ ಅನ್ನಬಹುದು. ಬೆಳಿಗ್ಗೆ ಬಂದ ಮುಖ್ಯ ಸೂಚನೆ ಮಧ್ಯಾಹ್ನದೊಳಗೆ ನಲವತ್ತು 'ಓಕೆ ಸರ್', ಹತ್ತು 'ಹ್ಯಾಪಿ ಬರ್ತ್‌ಡೇ'ಗಳ ನಡುವೆ ಕಳೆದುಹೋಗಿರುತ್ತದೆ. ತಂಡಕ್ಕೆ ಬೇಕಾದ ಮಾಹಿತಿ ತಂಡದ ಕಣ್ಣೆದುರಿಗೇ ಇರಬೇಕು ಎಂಬುದು ನನ್ನ ವಾದ. ಆದರೆ ಅಲ್ಲಿ ಏನನ್ನು ತೋರಿಸುತ್ತೇವೆ ಎಂಬುದು ಅದಕ್ಕಿಂತ ಮುಖ್ಯ.

ಇದೇನೂ ಹೊಸ ವಿಚಾರವಲ್ಲ. ಕ್ರಿಮಿಯಾ ಯುದ್ಧದಲ್ಲಿ ಗಾಯಗಳಿಗಿಂತ, ತಡೆಯಬಹುದಾಗಿದ್ದ ರೋಗಗಳಿಂದಲೇ ಹೆಚ್ಚು ಬ್ರಿಟಿಷ್ ಸೈನಿಕರು ಸತ್ತರು ಎಂಬುದನ್ನು ಫ್ಲಾರೆನ್ಸ್ ನೈಟಿಂಗೇಲ್ 1858ರಲ್ಲಿ ಬಣ್ಣದ ಚಿತ್ರನಕ್ಷೆಯಲ್ಲಿ ತೋರಿಸಿದರು. ಅಂಕಿ-ಅಂಶಗಳ ಪಟ್ಟಿ ಓದುವ ತಾಳ್ಮೆ ಇಲ್ಲದವರಿಗೂ ಅದು ಅರ್ಥವಾಗುವಂತಿತ್ತು.

ಜಪಾನಿನ ಟೊಯೊಟಾ ಕಂಪನಿಯಲ್ಲಿ ತಾಯಿಚಿ ಓನೊ 'ಕಾನ್‌ಬಾನ್' ಪದ್ಧತಿ ರೂಪಿಸಿದರು. ಆ ಪದದ ಅರ್ಥವೇ ಫಲಕ. ಯಾವ ಬಿಡಿಭಾಗ, ಎಷ್ಟು ಬೇಕು ಎಂಬುದನ್ನು ಒಂದು ಕಾರ್ಡೇ ಹೇಳುತ್ತದೆ. ಅಲ್ಲಿನ ಇನ್ನೊಂದು ವ್ಯವಸ್ಥೆ 'ಆಂಡಾನ್'. ಕೆಲಸದಲ್ಲಿ ತೊಡಕು ಕಂಡರೆ ಕಾರ್ಮಿಕ ಹಗ್ಗ ಎಳೆಯುತ್ತಾನೆ. ಮೇಲಿನ ಬೋರ್ಡಿನಲ್ಲಿ ಆ ಜಾಗದ ದೀಪ ಹೊತ್ತಿಕೊಳ್ಳುತ್ತದೆ, ಟೀಮ್ ಲೀಡರ್ ಬರುತ್ತಾರೆ. ಅಷ್ಟರಲ್ಲಿ ಸರಿಹೋಗದಿದ್ದರೆ ಲೈನೇ ನಿಲ್ಲುತ್ತದೆ. ಆ ದೀಪ ಹೇಳುವುದು 'ಇಲ್ಲಿ ಸಹಾಯ ಬೇಕು' ಎಂದು. 'ಇವನಿಗೆ ಕೆಲಸ ಬರಲ್ಲ' ಎಂದಲ್ಲ. ಇಂದು ಬೆಂಗಳೂರಿನ ಸಾಫ್ಟ್‌ವೇರ್ ತಂಡಗಳು 'ಮಾಡಬೇಕಾದ್ದು, ಮಾಡುತ್ತಿರುವುದು, ಮುಗಿದದ್ದು' ಎಂದು ಚೀಟಿ ಅಂಟಿಸುವ ಬೋರ್ಡಿಗೂ ಕಾನ್‌ಬಾನ್ ಎಂದೇ ಹೆಸರು.

ಇದರ ಉಲ್ಟಾ ರೂಪವನ್ನೂ ನಾನು ಕಂಡಿದ್ದೇನೆ. ಡಿಪ್ಲೊಮಾ ಮುಗಿಸಿ ಪೀಣ್ಯದ ಒಂದು ಕಾರ್ಖಾನೆಯಲ್ಲಿ ವರ್ಷ ಕಾಲ ಅಪ್ರೆಂಟಿಸ್ ಆಗಿದ್ದೆ. ಕ್ಯಾಂಟೀನ್ ಪಕ್ಕದ ಬೋರ್ಡಿನಲ್ಲಿ ಪ್ರತಿ ವಾರ ಹೆಚ್ಚು ಪೀಸ್ ರಿಜೆಕ್ಟ್ ಆದವರ ಹೆಸರನ್ನು ಕೆಂಪಕ್ಷರದಲ್ಲಿ ಬರೆಯುತ್ತಿದ್ದರು. ಅದರಿಂದ ತಪ್ಪು ಕಡಿಮೆಯಾಗಲಿಲ್ಲ, ತಪ್ಪು ಕಾಣುವುದು ಕಡಿಮೆಯಾಯಿತು. ಕೆಟ್ಟ ಪೀಸುಗಳು ಲೆಕ್ಕಕ್ಕೆ ಸಿಗದೆ ಸ್ಕ್ರ್ಯಾಪ್ ಡಬ್ಬದ ತಳ ಸೇರುತ್ತಿದ್ದವು. ಮತ್ತೆ ಮತ್ತೆ ಬರುತ್ತಿದ್ದದ್ದು ಅತಿ ಹಳೆಯ ಲೇತ್‌ನಲ್ಲಿ ಕೆಲಸ ಮಾಡುವವರ ಹೆಸರು. ಲೇತ್ ಬಗ್ಗೆ ಮಾತ್ರ ಬೋರ್ಡಿನಲ್ಲಿ ಒಂದು ಸಾಲೂ ಇರಲಿಲ್ಲ. ನನ್ನ ಜತೆ ಸೇರಿದ್ದ ಹುಡುಗನೊಬ್ಬ ಮೂರನೇ ಸಲ ಹೆಸರು ಬಂದ ಮೇಲೆ ಊರಿಗೆ ಹೋದವನು ವಾಪಸ್ ಬರಲೇ ಇಲ್ಲ. 'ಹೆಸರು ಬರೆದ್ರೆ ಪೀಸ್ ಬಚ್ಚಿಡ್ತಾರೆ ಸಾರ್, ಕಾರಣ ಬರೆದ್ರೆ ತಂದು ತೋರಿಸ್ತಾರೆ' ಎಂದು ಹಿರಿಯ ಆಪರೇಟರ್ ಒಬ್ಬರು ಸೂಪರ್‌ವೈಸರ್‌ಗೆ ಹೇಳಿದ್ದು ಇನ್ನೂ ನೆನಪಿದೆ.

'ನಾಚಿಕೆ ಆಗದಿದ್ದರೆ ಯಾರು ಕೆಲಸ ಮಾಡ್ತಾರೆ?' ಎನ್ನುವವರಿದ್ದಾರೆ. ನಾಚಿಕೆಯಿಂದ ಮನುಷ್ಯ ತಲೆ ತಗ್ಗಿಸಬಹುದು, ಸವೆದ ಮಷೀನು ಸರಿಹೋಗುವುದಿಲ್ಲ. ಬೋರ್ಡಿನಲ್ಲಿ ನಾಲ್ಕೇ ಕಾಲಂ ಸಾಕು: ಎಲ್ಲಿ ತೊಂದರೆ, ಯಾಕೆ, ಯಾರು ಸರಿಮಾಡುತ್ತಾರೆ, ಯಾವಾಗಿನೊಳಗೆ. ಅಲ್ಲಿ ಹೆಸರು ಬರುವುದು ತಪ್ಪಿಗಲ್ಲ, ಹೊಣೆಗೆ. ಅದನ್ನು ಕೆಲಸ ಮಾಡುವವರೇ ಮಾರ್ಕರ್ ಹಿಡಿದು ಬರೆಯಬೇಕು, ದಿನವೂ ಬದಲಿಸಬೇಕು. ಹೋದ ತಿಂಗಳ ಅಂಕಿ ಹೊತ್ತ ಬೋರ್ಡನ್ನು ಯಾರೂ ತಿರುಗಿ ನೋಡುವುದಿಲ್ಲ. ಕೆಂಪು-ಹಸಿರು ಬಣ್ಣವನ್ನಷ್ಟೇ ನಂಬಬಾರದು, ಆ ಎರಡರ ವ್ಯತ್ಯಾಸ ಕಾಣದವರೂ ತಂಡದಲ್ಲಿರಬಹುದು. ಜತೆಗೊಂದು ಪದ ಬರೆದರೆ ಕಷ್ಟವೇನಿಲ್ಲ.

'ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು' ಎಂಬ ಗಾದೆ ಗ್ರಾಫಿಗೂ ಸಲ್ಲುತ್ತದೆ. 92 ಮತ್ತು 96ರ ಕಂಬಗಳನ್ನು ಸೊನ್ನೆಯ ಬದಲು 90ರಿಂದ ಆರಂಭಿಸಿದರೆ ಎರಡನೆಯದು ಮೂರು ಪಟ್ಟು ಎತ್ತರ ಕಾಣುತ್ತದೆ. ಪಿಪಿಟಿ ಮಾಡುವ ನಾವೂ ಇದನ್ನು ನೆನಪಿಡಬೇಕು.

ಇದಕ್ಕೆಲ್ಲ ದುಬಾರಿ ಸಾಫ್ಟ್‌ವೇರ್ ಬೇಕಿಲ್ಲ. ಫೈನಲ್ ಇಯರ್ ಪ್ರಾಜೆಕ್ಟಿಗೆ ಹಾಸ್ಟೆಲ್ ಗೋಡೆ, ಒಂದು ಚಾರ್ಟ್ ಪೇಪರ್, ಹತ್ತಿಪ್ಪತ್ತು ಚೀಟಿ ಇದ್ದರೆ ಆಯಿತು. ಯಾರ ಕೆಲಸ ಎಲ್ಲಿ ಸಿಕ್ಕಿಕೊಂಡಿದೆ ಎಂದು ಕೊನೆಯ ವಾರಕ್ಕೆ ಮೊದಲೇ ಗೊತ್ತಾಗುತ್ತದೆ, ಜಗಳವೂ ಉಳಿಯುತ್ತದೆ. ಇಂಟರ್‌ವ್ಯೂ ಕೊನೆಗೆ 'ನೀವೇನಾದರೂ ಕೇಳಬೇಕೆ?' ಎನ್ನುತ್ತಾರಲ್ಲ, ಆಗ ಕೇಳಿ: 'ನಿಮ್ಮ ತಂಡಕ್ಕೆ ಕೆಲಸದ ಸ್ಥಿತಿ ಎಲ್ಲಿ ಕಾಣುತ್ತದೆ? ಕೆಲಸ ನಿಂತಾಗ ಅಲ್ಲಿ ಏನು ಬರೆಯುತ್ತೀರಿ?' ಸಂಬಳದ ಅಂಕಿ ಹೇಳದ ಎಷ್ಟೋ ವಿಷಯವನ್ನು ಆ ಉತ್ತರ ಹೇಳುತ್ತದೆ.