ರಿಂಕ್‌ಗೆ ಬೀಗ ಹಾಕಿ ಚಾಂಪಿಯನ್ ಬೇಕು ಅಂದರೆ?

ಫಿಗರ್ ಸ್ಕೇಟಿಂಗ್ ಅಂದರೆ ಹಾಡಿಗೆ ತಕ್ಕಂತೆ ಮಂಜುಗಡ್ಡೆ ಮೇಲೆ ಜಾರುತ್ತಾ, ಜಿಗಿಯುತ್ತಾ, ಗಿರಗಿರ ತಿರುಗುವ ಆಟ. ಅದರ ರಾಷ್ಟ್ರೀಯ ಚಾಂಪಿಯನ್‌ಶಿಪ್ ಸುದ್ದಿ ಬೆಳಗೋಡಿನಲ್ಲಿ ಯಾರಿಗೆ ಬೇಕು ಅಂತೀರಾ? ಕಾಫಿ ರೇಟು, ಆನೆ ಕಾಟವೇ ನಮಗೆ ಸಾಕಾಗಿದೆ, ನಿಜ. ಆದರೂ ಕೇಳಿ.

2011ರ ದಕ್ಷಿಣ ಏಷ್ಯಾ ಚಳಿಗಾಲದ ಕ್ರೀಡಾಕೂಟಕ್ಕೆ ಅಂತ ಡೆಹ್ರಾಡೂನ್‌ನಲ್ಲಿ ಹಿಮಾದ್ರಿ ರಿಂಕ್ ಕಟ್ಟಿದರು. ಸೂರಿನಡಿ 60 ಮೀಟರ್ ಉದ್ದದ ಮಂಜುಗಡ್ಡೆಯ ಅಂಗಳ. ಕೂಟ ಮುಗಿಯಿತು. ಮಂಜುಗಡ್ಡೆ ಕರಗದಿರಲು ಹಗಲೂ ರಾತ್ರಿ ಯಂತ್ರ ಓಡಬೇಕು. ಆ ಖರ್ಚು ಹೊರುವವರಿಲ್ಲದೆ ಹತ್ತು ವರ್ಷಕ್ಕೂ ಹೆಚ್ಚು ಕಾಲ ಬೀಗ! ಇಷ್ಟು ದೊಡ್ಡ ದೇಶದ ರಾಷ್ಟ್ರೀಯ ಸ್ಪರ್ಧೆ ಗುರುಗ್ರಾಮದ ಮಾಲ್ ಒಂದರ ಚಿಕ್ಕ ರಿಂಕ್‌ನಲ್ಲಿ ನಡೆದದ್ದೂ ಉಂಟು. ಹಿಮಾದ್ರಿಯ ಬಾಗಿಲು ಮತ್ತೆ ತೆರೆದದ್ದು 2025ರಲ್ಲಿ.

2022ರಲ್ಲಿ ರಾಷ್ಟ್ರೀಯ ಚಾಂಪಿಯನ್ ಆದ ತಾರಾ ಪ್ರಸಾದ್ ಅಮೆರಿಕದಲ್ಲಿ ಬೆಳೆದು ಅಲ್ಲೇ ಕಲಿತವರು. ಅವರ ಮೇಲೆ ನಮಗೆ ಸಿಟ್ಟಿಲ್ಲ, ಭಾರತಕ್ಕಾಗಿ ಆಡುತ್ತಿದ್ದಾರೆ. ಇಲ್ಲಿನ ಮಕ್ಕಳು ಎಲ್ಲಿ ಕಲಿಯಬೇಕಿತ್ತು ಅನ್ನೋದು ನಮ್ಮ ಪ್ರಶ್ನೆ.

ಹಿಮ ಬೀಳದ ಊರಿನವರಿಗೆ ಇದೆಲ್ಲ ಹೇಳಿದ್ದಲ್ಲ ಅನ್ನುವವರು ಪಕ್ಕದ ಕೊಡಗಿನ ಭವಾನಿ ತೆಕ್ಕಡ ಅವರನ್ನು ನೋಡಲಿ. ನಮ್ಮಂಥದೇ ಕಾಫಿ ಸೀಮೆಯಿಂದ ಹೋಗಿ ಹಿಮದ ಮೇಲಿನ ಸ್ಕೀಯಿಂಗ್‌ನಲ್ಲಿ ಚಿನ್ನ ಗೆದ್ದವರು.

ಬೆಳಗೋಡಿಗೆ ರಿಂಕ್ ಕೊಡಿ ಅಂತ ನಾವು ಕೇಳುತ್ತಿಲ್ಲ. ಆದರೆ ಹೋಬಳಿಗೊಂದು ಮೈದಾನ, ಜಿಮ್ಮು ಅಂತ ಯಾರಾದರೂ ಗುದ್ದಲಿ ಪೂಜೆಗೆ ಬಂದರೆ, ಹಾರ ಹಾಕುವ ಮೊದಲೇ ಕೇಳಿಬಿಡಿ: ಎರಡನೇ ವರ್ಷದ ಕರೆಂಟ್ ಬಿಲ್ ಯಾರು ಕಟ್ಟುತ್ತಾರೆ? ಬೀಗದ ಕೈ ಯಾರ ಹತ್ತಿರ ಇರುತ್ತೆ?