ಎರಡಡಿ ಟ್ಯಾಂಕಿನ ನೆರೆಹೊರೆ

ಹೋದ ವಾರ ಪುಣೆಯ ಓದುಗರೊಬ್ಬರು ಒಂದು ವಿಡಿಯೋ ಕಳಿಸಿದ್ದರು. ಎರಡಡಿ ಉದ್ದದ ಗಾಜಿನ ಟ್ಯಾಂಕ್. ನಾಲ್ಕು ಟೈಗರ್ ಬಾರ್ಬ್‌ಗಳು ಒಂದು ಡ್ವಾರ್ಫ್ ಗುರಾಮಿಯ ಬೆನ್ನು ಹತ್ತಿವೆ. ಅದು ಫಿಲ್ಟರಿನ ಹಿಂದಿನ ಸಂದಿಯಲ್ಲಿ ಮುದುರಿ ನಿಂತಿದೆ. "ಎಲ್ಲಾ ಒಟ್ಟಿಗೆ ಇರ್ತವೆ ಅಂತ ಅಂಗಡಿಯಲ್ಲಿ ಹೇಳಿದ್ರು. ಮಗಳು ದಿನಾ ಅಳ್ತಾಳೆ. ಇನ್ನೆರಡು ಗುರಾಮಿ ತಂದು ಬಿಟ್ರೆ ಅದಕ್ಕೆ ಜೊತೆ ಆಗತ್ತಾ?" ಎಂದು ಕೇಳಿದ್ದಾರೆ.

ಆಗುವುದಿಲ್ಲ. ಕಚ್ಚಿಸಿಕೊಳ್ಳುವವು ಒಂದರ ಬದಲು ಮೂರಾಗುತ್ತವೆ, ಅಷ್ಟೇ. ಮೂರೂ ಗಂಡಾಗಿದ್ದರೆ ಅವುಗಳ ಒಳಜಗಳ ಬೇರೆ. ಇಷ್ಟು ಖಡಾಖಂಡಿತವಾಗಿ ಹೇಳುವುದಕ್ಕೆ ಕಾರಣವಿದೆ. ಹತ್ತು ವರ್ಷದ ಹಿಂದೆ ನಾನು ಮಾಡಿದ್ದೂ ಇದೇ ಕೆಲಸ.

ಡೊಂಬಿವಲಿಯಲ್ಲಿ ಒಂದು ಬೆಡ್‌ರೂಮಿನ ಬಾಡಿಗೆ ಮನೆ. ಫ್ರಿಜ್ಜಿಗೂ ಕಿಟಕಿಗೂ ನಡುವೆ ಎರಡಡಿಗಿಂತ ಸ್ವಲ್ಪ ಹೆಚ್ಚು ಜಾಗ ಉಳಿದಿತ್ತು, ಹಾಗಾಗಿ ಟ್ಯಾಂಕ್ ಎರಡಡಿಯದ್ದು. ಅಂಗಡಿಯಲ್ಲಿ ಬಣ್ಣ ನೋಡಿ ಆರಿಸಿದೆ: ನಾಲ್ಕು ಬಾರ್ಬ್, ಒಂದು ಗುರಾಮಿ, ಒಂದು ಏಂಜೆಲ್, 'ಕೊಳೆ ತಿನ್ನೋಕೆ' ಅಂತ ಒಂದು ಸಕ್ಕರ್ ಮೀನು. ಆಗ ಕುಂದಾಪುರದಿಂದ ಬಂದಿದ್ದ ಅಮ್ಮ ಕನ್ನಡಕ ಏರಿಸಿ ನೋಡಿ, "ಎಲ್ಲಾ ಸೇರಿದರೂ ಒಂದು ತುತ್ತಿಗೆ ಸಾಲುವುದಿಲ್ಲವಲ್ಲ ಮಾರಾಯಾ" ಅಂದಿದ್ದಳು. ನಾಲ್ಕನೆಯ ದಿನ ಅವಳೇ ಕೇಳಿದಳು: "ಇದರ ಮೀಸೆ ಎಲ್ಲಿ ಹೋಯಿತು?" ಗುರಾಮಿಯ ಎದೆಯ ಕೆಳಗೆ ದಾರದಂತೆ ಇಳಿದಿರುವ ಎರಡು ರೆಕ್ಕೆಗಳಿರುತ್ತವೆ. ಅವುಗಳಿಂದಲೇ ಅದು ಸುತ್ತಲಿನದನ್ನು ಮುಟ್ಟಿ ತಿಳಿಯುತ್ತದೆ. ಬಾರ್ಬ್‌ಗಳು ಎರಡನ್ನೂ ಬುಡದವರೆಗೆ ಕಡಿದಿದ್ದವು. ವಾರ ಕಳೆಯುವುದರೊಳಗೆ ಅದು ಸತ್ತಿತು. ಜೀವಮಾನವೆಲ್ಲ ಬಂಗುಡೆ, ಬೂತಾಯಿ ಹೆಚ್ಚಿದ ಅಮ್ಮ ಅದನ್ನು ಅಂಗೈಯಲ್ಲಿ ಹಿಡಿದುಕೊಂಡು ಹೋಗಿ ಬಾಲ್ಕನಿಯ ಕರಿಬೇವಿನ ಕುಂಡದಲ್ಲಿ ಹೂತು ಬಂದಳು.

ಅಂಗಡಿಗಳಲ್ಲಿ ಈ ಮೀನುಗಳಿಗೆಲ್ಲ 'ಸೆಮಿ ಅಗ್ರೆಸಿವ್' ಎಂಬ ಒಂದೇ ಹಣೆಪಟ್ಟಿ. ಅರೆಜಗಳಗಂಟ ಅನ್ನೋಣ. ಆದರೆ ಜಗಳಕ್ಕೆ ಕಾರಣ ಎಲ್ಲದಕ್ಕೂ ಒಂದೇ ಅಲ್ಲ. ಕಾರಣ ತಿಳಿಯದೆ ಜೊತೆಗಾರರನ್ನು ಆರಿಸಲಾಗದು.

ಟೈಗರ್ ಬಾರ್ಬ್ ಮೂಲತಃ ಸುಮಾತ್ರಾ, ಬೋರ್ನಿಯೋ ಕಡೆಯ ಗುಂಪು ಮೀನು. ಗುಂಪಿನೊಳಗೆ ಯಾರು ಮೇಲು ಯಾರು ಕೆಳಗು ಎಂಬ ಕಿತ್ತಾಟ ಅದಕ್ಕೆ ದಿನನಿತ್ಯದ ವ್ಯವಹಾರ. ಎಂಟು ಹತ್ತು ಇದ್ದರೆ ಆ ಕಿತ್ತಾಟ ತಮ್ಮತಮ್ಮಲ್ಲೇ ಹಂಚಿಹೋಗುತ್ತದೆ, ಯಾರಿಗೂ ಹೆಚ್ಚು ಪೆಟ್ಟಾಗುವುದಿಲ್ಲ. ಮೂರು ನಾಲ್ಕೇ ಇದ್ದರೆ ಗುಂಪು ಗುಂಪಾಗುವುದಿಲ್ಲ, ಕೋಪ ಹೊರಗಿನವರ ಮೇಲೆ. ನಿಧಾನವಾಗಿ ಚಲಿಸುವ, ಉದ್ದ ರೆಕ್ಕೆಯ ಮೀನುಗಳೇ ಮೊದಲ ಗುರಿ: ಗುರಾಮಿ, ಏಂಜೆಲ್, ಗಪ್ಪಿ, ಫೈಟರ್. ಜಗಳಗಂಟ ಮೀನನ್ನು ಕಡಿಮೆ ತಂದರೆ ಜಗಳ ಕಡಿಮೆ ಎಂದು ನಾವು ಲೆಕ್ಕ ಹಾಕುತ್ತೇವೆ. ಬಾರ್ಬ್ ವಿಷಯದಲ್ಲಿ ಈ ಲೆಕ್ಕ ತಲೆಕೆಳಗು.

ಸಿಕ್ಲಿಡ್ ಜಾತಿಯವುಗಳ ಜಗಳ ನೆಲಕ್ಕಾಗಿ. ಬಾರ್ಬ್‌ಗಳನ್ನು ಕೊಟ್ಟಮೇಲೆ ನಾನು ನೈಜೀರಿಯಾ ಮೂಲದ ಕ್ರಿಬೆನ್ಸಿಸ್ ಜೋಡಿಯೊಂದನ್ನು ತಂದೆ. ಬೆರಳುದ್ದದ ಚೆಂದದ ಮೀನು, ಹೆಣ್ಣಿನ ಹೊಟ್ಟೆ ನೇರಳೆ ಕೆಂಪು. ತಳದಲ್ಲಿ ಆರು ಕೋರಿಡೋರಾಸ್ ಇದ್ದವು. ಮೂರು ತಿಂಗಳು ಎಲ್ಲ ಸುಸೂತ್ರ. ಒಂದು ದಿನ ಒಡೆದ ಕುಂಡದೊಳಗೆ ಹೆಣ್ಣು ಮೊಟ್ಟೆ ಇಟ್ಟಿತು ನೋಡಿ, ಅವತ್ತಿನಿಂದ ತಳವೆಲ್ಲ ಆ ಗಂಡಹೆಂಡತಿಯದ್ದು. ಕೋರಿಡೋರಾಸ್‌ಗೆ ಗಡಿ ಗೊತ್ತಾಗುವುದಿಲ್ಲ. ಓಡಿಸಿದರೆ ಓಡಿ, ಮರುನಿಮಿಷ ಮೂಸುತ್ತಾ ಅಲ್ಲಿಗೇ ವಾಪಸು. ಒಂದರ ಕಣ್ಣು ಹೋಯಿತು. ನಾಲ್ಕಡಿ ಟ್ಯಾಂಕಾಗಿದ್ದರೆ ಇನ್ನೊಂದು ಮೂಲೆಗೆ ಹೋಗಿ ಬದುಕಿಕೊಳ್ಳುತ್ತಿದ್ದವು. ಎರಡಡಿಯಲ್ಲಿ ಇನ್ನೊಂದು ಮೂಲೆ ಎನ್ನುವುದೇ ಇಲ್ಲ. ಒಂದು ಜೋಡಿ ಸಿಕ್ಲಿಡ್ ಇಟ್ಟಿರೋ, ತಳವನ್ನು ಅದಕ್ಕೆ ಬರೆದುಕೊಟ್ಟಂತೆ. ಜೊತೆಗೆ ಮೇಲ್ಗಡೆ ಓಡಾಡುವ ಚುರುಕಿನ ಜೀಬ್ರಾ ಡೇನಿಯೊ ಬಿಡಬಹುದು, ತಳದವರನ್ನು ಬೇಡ.

ರೆಡ್‌ಟೇಲ್ ಶಾರ್ಕ್ ಎಂದು ಮಾರುವುದು ಶಾರ್ಕ್ ಅಲ್ಲ, ಕಾಟ್ಲಾ ರೋಹುಗಳ ಬಳಗದ್ದು. ಆದರೆ ಬೆಳೆದಂತೆ ತಳವನ್ನೆಲ್ಲ ತನ್ನದೆನ್ನುತ್ತದೆ, ಎರಡಡಿಗೆ ಸಲ್ಲ. ಇನ್ನು ಏಂಜೆಲ್. ಅದಕ್ಕೆ ಬೇಕಾದದ್ದು ಬಾಯಿಗೆ ಹಿಡಿಸುವ ನಿಯಾನ್ ಟೆಟ್ರಾ. ಅಂಗಡಿಯಲ್ಲಿ ರೂಪಾಯಿ ನಾಣ್ಯದಷ್ಟಿದ್ದದ್ದು ಅಂಗೈಯಗಲ ಆದ ದಿನ ಅದು ಗೊತ್ತಾಗುತ್ತದೆ. ಸಕ್ಕರ್ ಮೀನು ಅಡಿಗಿಂತ ಹೆಚ್ಚು ಬೆಳೆಯುತ್ತದೆ, ಕೊಳೆ ತಿನ್ನುವುದಕ್ಕಿಂತ ಹಾಕುವುದೇ ಹೆಚ್ಚು.

ಮುಂಬೈಗೆ ಬಂದ ಹೊಸದರಲ್ಲಿ ನಾವು ಆರು ಜನ ಒಂದೇ ಖೋಲಿಯಲ್ಲಿದ್ದೆವು. ಜಗಳವಿಲ್ಲದೆ ನಡೆದದ್ದು ಹೇಗೆಂದರೆ ಮೂವರಿಗೆ ರಾತ್ರಿ ಪಾಳಿ. ಸಣ್ಣ ಟ್ಯಾಂಕಿಗೂ ಇದೇ ಉಪಾಯ. ಮೇಲೆ ಒಬ್ಬರು, ನಡುವೆ ಒಬ್ಬರು, ತಳದಲ್ಲಿ ರಾತ್ರಿ ಹೊತ್ತು ಹೊರಬರುವ ಕೂಲಿ ಲೋಚ್. ಒಂದೇ ಎತ್ತರದಲ್ಲಿ, ಒಂದೇ ಹೊತ್ತಿನಲ್ಲಿ, ಒಂದೇ ಆಕಾರದ ಎರಡು ಜಾತಿ ಬೇಡ. ಕಲ್ಲು, ತೆಂಗಿನ ಚಿಪ್ಪು, ಗಿಡಗಳನ್ನು ಒಂದಕ್ಕೊಂದು ಕಾಣದಂತೆ ಅಡ್ಡ ಇಡಿ. ಸಾಧು ಮೀನುಗಳು ಮೊದಲು, ಜಗಳದವು ಕೊನೆಗೆ. ಹಳೆಯ ಮೀನಿರುವ ಟ್ಯಾಂಕಿಗೆ ಹೊಸದನ್ನು ಬಿಡುವ ದಿನ ಕಲ್ಲುಗಳ ಜಾಗ ಬದಲಿಸಿ, ದೀಪ ಆರಿಸಿಬಿಡಿ. ಹಳಬರಿಗೂ ಅದು ಹೊಸ ಮನೆಯಾಗುತ್ತದೆ. ಈ ಉಪಾಯ ಒಂದೆರಡು ದಿನದ ಮಟ್ಟಿಗೆ, ಆದರೆ ಆ ಎರಡು ದಿನವೇ ಮುಖ್ಯ.

ಎರಡಡಿ ಉದ್ದ, ಒಂದಡಿ ಅಗಲ, ಒಂದಡಿ ಎತ್ತರದ ಟ್ಯಾಂಕಿಗೆ ಅಂಚಿನವರೆಗೆ ತುಂಬಿದರೂ ಹಿಡಿಯುವುದು ಸುಮಾರು 55 ಲೀಟರ್. ಹೊಂದಾಣಿಕೆ ಎಷ್ಟೇ ಇರಲಿ, ಮೀನು ಹೆಚ್ಚಾದರೆ ಅವುಗಳ ಹೊಲಸಿನ ಅಮೋನಿಯವೇ ಕೊಲ್ಲುತ್ತದೆ.

ಪುಣೆಯ ಓದುಗರಿಗೆ ಎರಡು ದಾರಿ ಬರೆದೆ. ಬಾರ್ಬ್ ಬೇಕಿದ್ದರೆ ಗುರಾಮಿಯನ್ನು ಇವತ್ತೇ ತೆಗೆಯಿರಿ, ಬಾರ್ಬ್‌ಗಳನ್ನು ಎಂಟು ಮಾಡಿ, ಜೊತೆಗೆ ನಾಲ್ಕೈದು ಕೂಲಿ ಲೋಚ್, ಮುಗಿಯಿತು. ಗುರಾಮಿ ಬೇಕಿದ್ದರೆ ಬಾರ್ಬ್‌ಗಳನ್ನು ಕೊಟ್ಟುಬಿಡಿ. ಒಂದೇ ಗಂಡು ಗುರಾಮಿ, ಎಂಟು ಹಾರ್ಲೆಕ್ವಿನ್ ರಾಸ್ಬೋರಾ, ತಳಕ್ಕೆ ಆರು ಸಣ್ಣ ಕೋರಿಡೋರಾಸ್. ಎರಡೂ ಇರಲಿ ಎಂದರೆ ಈ ಟ್ಯಾಂಕಿನಲ್ಲಿ ಮೂರನೆಯ ದಾರಿ ಇಲ್ಲ. ಬೇಡವಾದ ಮೀನನ್ನು ಮಾತ್ರ ಕೆರೆಗೆ, ನದಿಗೆ ಬಿಡಬೇಡಿ. ಹಾಗೆ ಬಿಟ್ಟ ಸಕ್ಕರ್ ಮೀನುಗಳು ಈಗ ದಕ್ಷಿಣದ ಎಷ್ಟೋ ಕೆರೆಗಳಲ್ಲಿ ಮೀನುಗಾರರ ಬಲೆ ಹರಿಯುತ್ತಿವೆ.

ಬುಧವಾರ ಉತ್ತರ ಬಂತು. ಅಂಗಡಿಯಲ್ಲಿ ವಾಪಸು ತೆಗೆದುಕೊಳ್ಳಲಿಲ್ಲವಂತೆ. ಅವರದೇ ಸೊಸೈಟಿಯಲ್ಲಿ ನಾಲ್ಕಡಿ ಟ್ಯಾಂಕ್ ಇಟ್ಟಿರುವವರ ಮನೆಯಲ್ಲಿ ಆಗಲೇ ಏಳು ಬಾರ್ಬ್ ಇದ್ದವು, ಈ ನಾಲ್ಕೂ ಅಲ್ಲಿಗೆ ಹೋಗಿವೆ. ಒಂದು ಕಡೆಯ ಮೀಸೆ ಅರ್ಧಕ್ಕೆ ತುಂಡಾಗಿದೆ, ಮತ್ತೆ ಬೆಳೆಯುತ್ತದಾ ಎಂದು ಮಗಳು ಕೇಳುತ್ತಿದ್ದಾಳಂತೆ. ಬುಡ ಉಳಿದಿದ್ದರೆ ಬೆಳೆಯುತ್ತದೆ, ನೀರು ಸ್ವಚ್ಛ ಇರಲಿ ಎಂದು ಬರೆದೆ. ರಾಸ್ಬೋರಾಗಳನ್ನು ತರಲು ಎರಡು ವಾರ ಕಾಯಲು ಹೇಳಿದ್ದೇನೆ.